ಜೇನಿನ ಗಾರೆ, ನಮ್ಮ ಗಂಟಲು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮಳೆಗಾಲಕ್ಕೊಂದು ಔಷಧಿ ಬೇಕೇ ಬೇಕು. ಒಂದು ವರ್ಷ ಅಲೋವೆರಾ, ಇನ್ನೊಂದು ವರ್ಷ ನೋನಿ. ಈ ಸಲ ಪ್ರೊಪೊಲಿಸ್ ಸರದಿ. ಕೆಮ್ಮಿಗೆ ಆಗುತ್ತಂತೆ, ಶುಗರ್‌ಗೂ ಆಗುತ್ತಂತೆ, ಕೂದಲು ಉದುರುವುದಕ್ಕೂ ಅಂತೆ. ಮೂರನೇ ಮಹಡಿಯವರು ಮಂಡಿನೋವಿಗೆ ಕೇಳಿದರು. ಎರಡೇ ನಿಮಿಷಕ್ಕೆ "ಆಗುತ್ತೆ" ಅಂತ ಉತ್ತರ ಬಂತು. ಲಿಫ್ಟ್ ಕೆಟ್ಟು ವಾರವಾಯಿತು ಎಂದು ನಾನು ಹಾಕಿದ್ದಕ್ಕೆ ಮಾತ್ರ ಇವತ್ತಿಗೂ ಉತ್ತರವಿಲ್ಲ.

ಅಷ್ಟಕ್ಕೂ ಏನಿದು? ಮರದ ಮೊಗ್ಗು, ತೊಗಟೆಯಲ್ಲಿ ಒಸರುವ ಅಂಟನ್ನು ಜೇನುನೊಣ ಹೊತ್ತು ತಂದು, ಮೇಣ ಬೆರೆಸಿ, ಗೂಡಿನ ಬಿರುಕಿಗೆ ಮೆತ್ತುತ್ತದೆ. ಗಾರೆ ಕೆಲಸ, ಅಷ್ಟೇ. ಗೂಡಿಗೆ ಇಲಿ ನುಗ್ಗಿ ಸತ್ತರೆ ಎತ್ತಿ ಆಚೆ ಹಾಕುವ ಶಕ್ತಿ ನೊಣಗಳಿಗೆಲ್ಲಿ? ಹೆಣಕ್ಕೂ ಇದನ್ನೇ ಬಳಿದು ಮುಚ್ಚುತ್ತವೆ, ಕೊಳೆತು ನಾರದಿರಲಿ ಅಂತ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಇದು ಬ್ಯಾಕ್ಟೀರಿಯಾ ತಡೆಯುವುದೂ ನಿಜವೇ. ಮಾರುವವರಿಗೆ ಇಷ್ಟು ಸಾಕು. ಸತ್ತ ಇಲಿಗೆ ಒಗ್ಗಿದ್ದು ಬದುಕಿರುವ ನಮಗೆ ಒಗ್ಗದೇ ಇರುತ್ತಾ?

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಪ್ರೊಪೊಲಿಸ್ ಬಗ್ಗೆ ಬಂದ ಆರೋಗ್ಯದ ಹೇಳಿಕೆಗಳನ್ನು ಪರಿಶೀಲಿಸಿ, ಸಾಬೀತಾಗಿಲ್ಲ ಎಂದಿತು. ಪಾಪ, ಅವರಿಗೆ ನಮ್ಮ ಗುಂಪಿನ ಅಡ್ಮಿನ್ ಆಂಟಿಯ ಪರಿಚಯ ಇರಲಿಲ್ಲ.

ಕೊನೆಗೆ ನಮ್ಮ ಅತ್ತಿಗೆಯೂ ತರಿಸಿದರು. 30 ಎಂಎಲ್ ಬಾಟಲಿಗೆ 799 ರೂಪಾಯಿ. ಮುಂದೆ ದಪ್ಪಕ್ಷರದಲ್ಲಿ ರೋಗನಿರೋಧಕ ಶಕ್ತಿ, ಶ್ವಾಸಕೋಶ, ಹೃದಯ. ಹಿಂದೆ ಇರುವೆ ಗಾತ್ರದಲ್ಲಿ 'ಔಷಧಿಯಾಗಿ ಬಳಸತಕ್ಕದ್ದಲ್ಲ'. ಮುಂದುಗಡೆ ಡಾಕ್ಟರ್ ಬರೆದಿದ್ದು, ಹಿಂದುಗಡೆ ವಕೀಲರು ಬರೆದಿದ್ದು! ಮೂರನೇ ದಿನ ಅತ್ತಿಗೆಯ ತುಟಿ ಬೋಂಡಾದಂತೆ ಊದಿಕೊಂಡಿತು. ಪ್ರೊಪೊಲಿಸ್ ಕೆಲವರ ಮೈಗೆ ಅಲರ್ಜಿ ಅನ್ನುವುದು ಚರ್ಮದ ಡಾಕ್ಟರುಗಳಿಗೆ ಹಳೇ ವಿಷಯ. ಗುಂಪಿನವರು ಮಾತ್ರ "ಒಳಗಿನ ವಿಷ ಹೊರಗೆ ಬರ್ತಿದೆ, ನಿಲ್ಲಿಸಬೇಡಿ" ಎಂದು ಕೈ ಮುಗಿಯುವ ಎಮೋಜಿ ಹಾಕಿದರು. ತುಟಿ ಇಳಿಯಿತು, ಅಲರ್ಜಿ ಮಾತ್ರೆ ನುಂಗಿದ ಮೇಲೆ. ಯಶಸ್ಸು ಪ್ರೊಪೊಲಿಸ್ ಖಾತೆಗೆ ಜಮಾ ಆಯಿತು.

ಆ ವಾರವೇ ಸಿದ್ದಾಪುರದ ಮಾವ ಬಂದಿದ್ದರು. ಅಡಿಕೆ ತೋಟದಲ್ಲಿ ಮೂವತ್ತು ವರ್ಷದಿಂದ ಜೇನು ಪೆಟ್ಟಿಗೆ ಇಟ್ಟವರು. ಕನ್ನಡಕ ಮೇಲೆತ್ತಿ ಲೇಬಲ್ ಓದಿದರು: 'ಮಲೆನಾಡಿನ ಅಪ್ಪಟ ತುಡುವೆ ಪ್ರೊಪೊಲಿಸ್'. ತುಡುವೆ ಅಂದರೆ ನಮ್ಮ ನಾಡಿನ ಪೆಟ್ಟಿಗೆ ಜೇನು. ಓದಿದವರೇ ನಗಲು ಶುರು ಮಾಡಿದರು.

"ಮಾಣಿ, ತುಡುವೆ ಅಂಟು ತರೋದೇ ಇಲ್ಲ ಮಾರಾಯ! ಅದರದ್ದೆಲ್ಲ ಬರೀ ಮೇಣದ ಕೆಲಸ. ಅಂಟು ಬೇಕಾದ್ರೆ ಆ ಚುಚ್ಚದ ಪುಟ್ಟ ಜೇನು ಮುಜಂಟಿ ಹತ್ರ ಕೇಳು, ಇಲ್ಲಾ ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನ ಹತ್ರ."

"ಹಾಗಾದ್ರೆ ಇದರೊಳಗೆ ಇರೋದೇನು ಮಾವ?"

"ತಡಿ, ಮೂಸಿ ನೋಡ್ತೆ" ಎಂದು ಮುಚ್ಚಳ ತಿರುವಿದರು. ಬರಲಿಲ್ಲ. ಟವೆಲ್ ಸುತ್ತಿ ತಿರುವಿದರು. ಬಿಸಿನೀರಿನಲ್ಲಿ ಅದ್ದಿದರು. ಹಲ್ಲು ಹಾಕಲು ಹೊರಟಾಗ ಅತ್ತೆ ಬೈದರು. ಕೊನೆಗೆ ಬಾಟಲಿಯನ್ನು ಫ್ರಿಜ್ಜಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಯಾವ ನೊಣದ್ದೋ ಗೊತ್ತಿಲ್ಲ. ಅಂಟಂತೂ ಅಪ್ಪಟ."