ಅಂಗಳದಲ್ಲಿ ಹೊಂಗೆ, ಕಿಟಕಿಯಲ್ಲಿ ಟ್ಯೂಲಿಪ್

ತುಮಕೂರಿನಲ್ಲಿ ಚಿಕ್ಕಪ್ಪ ಕಟ್ಟಿಸಿದ ಮನೆಯ ಗೃಹಪ್ರವೇಶವನ್ನು ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕೂತು ಫೋನಿನಲ್ಲೇ ನೋಡಬೇಕಾಯಿತು. ಹೋಮ, ಹಾಲುಕ್ಕಿಸಿದ್ದು, ಹಸು ಹೊಸ್ತಿಲು ದಾಟಲು ಹಟ ಮಾಡಿದ್ದು ಎಲ್ಲ ಚೆನ್ನಾಗಿತ್ತು. ಆಮೇಲೆ ಮೆಟ್ಟಿಲ ಕಡೆಯ ಕಿಟಕಿ ತೋರಿಸಿದರು. ಬಣ್ಣದ ಗಾಜಿನಂತೆ ಕಾಣಲೆಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ; ಅದರಲ್ಲಿ ಕೆಂಪು ಟ್ಯೂಲಿಪ್, ಮೂಲೆಯಲ್ಲಿ ದ್ರಾಕ್ಷಿ ಗೊಂಚಲು. ಅದರ ಹಿಂದೆ, ಗಾಜಿಗೆ ತಾಗುವಷ್ಟು ಹತ್ತಿರದಲ್ಲಿ, ಹೊಂಗೆ ಮರ ಚಿಗುರಿ ನಿಂತಿದೆ. "ಕ್ಯಾಟಲಾಗಲ್ಲಿ ಇದ್ದಿದ್ರಲ್ಲಿ ಇದೇ ವಾಸಿ ಕಣೋ" ಅಂದರು ಚಿಕ್ಕಪ್ಪ. ಗೃಹಪ್ರವೇಶದ ದಿನ ವಾದ ಮಾಡಬಾರದು. ಅದಕ್ಕೇ, ಅಂಗಳದ ಹೊಂಗೆಯನ್ನೇ ಗಾಜಿಗೆ ಇಳಿಸಬಹುದಿತ್ತೆಂಬ ಆ ವಾದವನ್ನು ಇಲ್ಲಿ ಮಾಡುತ್ತಿದ್ದೇನೆ.

ಇಲ್ಲಿಯವರಿಗೆ ಗಿಡಮರದ ಮೇಲೆ ನಮಗಿಂತ ಹೆಚ್ಚು ಅಕ್ಕರೆ ಅಂತೇನಲ್ಲ. ಇರುವುದೇ ಕಡಿಮೆ, ಹಾಗಾಗಿ ನೋಡುತ್ತಾರೆ. ನವೆಂಬರಿನಿಂದ ಮಾರ್ಚಿನ ತನಕ ಬೋಳು ಕೊಂಬೆ, ಬೂದು ಆಕಾಶ. ಮೇ ತಿಂಗಳಲ್ಲಿ ಹೊಲದ ಬೇಲಿಗಳಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡ ಬೆಳ್ಳಗೆ ಅರಳಿತೆಂದರೆ, ಸಂಜೆ ತರಗತಿಗಳಲ್ಲಿ ಬಣ್ಣದ ಗಾಜಿನ ತುಂಡು ಬೆಸೆದು ಚಿತ್ರ ಮಾಡುವ ಕೆಲಸ ಕಲಿಯುವವರು ಫೋನು ಹಿಡಿದು ಬೇಲಿಗೆ ಮುತ್ತಿಕೊಳ್ಳುತ್ತಾರೆ. ಆ ಫೋಟೋ ಗುಡ್ ಮಾರ್ನಿಂಗ್ ಸಂದೇಶವಾಗಿ ನಾಲ್ಕು ಗುಂಪಿಗೆ ಹೋಗುವುದಿಲ್ಲ, ಟ್ರೇಸಿಂಗ್ ಪೇಪರಿನ ಕೆಳಗೆ ಹೋಗುತ್ತದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 2018ರಲ್ಲಿ ರಾಣಿ ಎಲಿಜಬೆತ್ ಗೌರವಾರ್ಥ ಹೊಸ ಕಿಟಕಿ ಕೂರಿಸಿದರಲ್ಲ, ಅದರಲ್ಲಿ ಚಿತ್ರಕಾರ ಡೇವಿಡ್ ಹಾಕ್ನಿ ಕಿರೀಟ, ಸಿಂಹಾಸನ ಬರೆಯಲಿಲ್ಲ. ಯಾರ್ಕ್‌ಶೈರಿನ ಇದೇ ಹಾಥಾರ್ನ್ ಹೂವನ್ನು ಐಪ್ಯಾಡಿನಲ್ಲಿ ಬರೆದುಕೊಟ್ಟ. ಅದನ್ನು ಗಾಜಿಗೆ ಇಳಿಸಿದ್ದು ಯಾರ್ಕ್‌ನ ಬಾರ್ಲಿ ಸ್ಟುಡಿಯೋ. ಇದು ಹೊಸ ಚಾಳಿಯೂ ಅಲ್ಲ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಮಿನ್‌ಸ್ಟರ್ ಎಂಬ ಚರ್ಚಿನಲ್ಲಿ 13ನೇ ಶತಮಾನದ ಕೊನೆಗೆ ಕಲ್ಲುಕುಟಿಗರು ಓಕ್, ಐವಿ, ಹಾಪ್, ಹಾಥಾರ್ನ್ ಎಲೆಗಳನ್ನು ಯಾವುದು ಯಾವ ಗಿಡದ್ದೆಂದು ಇವತ್ತಿಗೂ ಹೆಸರಿಸಬಹುದಾದಷ್ಟು ನಿಖರವಾಗಿ ಕೆತ್ತಿಟ್ಟಿದ್ದಾರೆ.

ಫೋಟೋಗ್ರಫಿಯ ಬಾಲ್ಯವೂ ಎಲೆ ಮತ್ತು ಕಿಟಕಿಯ ನಡುವೆಯೇ ಕಳೆಯಿತು. ಉಳಿದುಬಂದಿರುವ ಅತಿ ಹಳೆಯ ಕ್ಯಾಮೆರಾ ನೆಗೆಟಿವ್ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟಿನಲ್ಲಿ ತೆಗೆದದ್ದು. ಅದರಲ್ಲಿರುವುದು ಅವನ ಮನೆ ಲೇಕಾಕ್ ಅಬೆಯ ಜಾಲರಿ ಕಿಟಕಿ. ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೌಕ ಎಣಿಸಬಹುದಿತ್ತೆಂದು ಪಕ್ಕದಲ್ಲೇ ಬರೆದಿಟ್ಟ. ಬೆಳಕಿಗೆ ಕಪ್ಪಾಗುವ ಕಾಗದದ ಮೇಲೆ ಎಲೆಗಳನ್ನಿಟ್ಟು ಬಿಸಿಲಿಗೊಡ್ಡಿ ಅಚ್ಚು ತೆಗೆದವನೂ ಅವನೇ. ಕ್ಯಾಮೆರಾ ಅಂದರೆ ಕಬಿನಿಗೆ ಜೀಪಿನಲ್ಲಿ ಹೊತ್ತೊಯ್ಯುವ ಗಜಗಾತ್ರದ ಲೆನ್ಸ್ ಎಂದುಕೊಂಡವರಿಗೆ ಈ ಮಾತು ರುಚಿಸಲಿಕ್ಕಿಲ್ಲ.

ನಮ್ಮ ಹೊಂಗೆಯನ್ನೇ ತೆಗೆದುಕೊಳ್ಳಿ. ಯುಗಾದಿ ಹೊತ್ತಿಗೆ ಚಿಗುರು ತಾಮ್ರಗೆಂಪು, ಕೆಲವು ದಿನಕ್ಕೆ ನಿಂಬೆ ಹಸಿರು, ಬಲಿತ ಮೇಲೆ ಹೊಳೆಯುವ ಕಡುಹಸಿರು. ಒಂದೇ ಕೊಂಬೆಯಲ್ಲಿ ಮೂರು ಬಗೆಯ ಗಾಜಿನ ಬಣ್ಣ ಸಿಕ್ಕಂತಾಯಿತು. ಫೋಟೋ ತೆಗೆಯಲು ಬೆಳಗ್ಗೆ ಏಳರಿಂದ ಎಂಟೂವರೆ ಒಳ್ಳೆ ಹೊತ್ತು. ಸೂರ್ಯ ಎಲೆಯ ಹಿಂದಿರಬೇಕು. ಫೋನು ಎಲೆಗೆ ಸಮಾನಾಂತರವಾಗಿರಲಿ, ಓರೆಯಾದರೆ ಒಂದು ಬದಿ ಊದಿಕೊಂಡು ಇನ್ನೊಂದು ಬದಿ ಸೊರಗುತ್ತದೆ. ತೀರಾ ಹತ್ತಿರ ಹೋದರೂ ಇದೇ ಗೋಳು. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡುವುದು ವಾಸಿ. ಪರದೆಯ ಮೇಲೆ ಎಲೆಯ ಅತಿ ಬೆಳಗಿದ ಜಾಗವನ್ನು ಮುಟ್ಟಿ, ನರಗಳು ಕಪ್ಪಗೆ ಎದ್ದು ಬರುವ ತನಕ ಬೆಳಕನ್ನು ಕೆಳಕ್ಕೆ ಎಳೆಯಬೇಕು. ಮಟಮಟ ಮಧ್ಯಾಹ್ನ ತೆಗೆದರೆ ಎಲೆಯ ಮೇಲ್ಮೈ ಆಕಾಶವನ್ನು ಪ್ರತಿಫಲಿಸಿ ಬೆಳ್ಳಗಾಗುತ್ತದೆ, ನರ ಕಾಣದು. ಆಮೇಲೆ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಏರಿಸಿ. ಆಗಲೂ ಅಳಿಯದೆ ಉಳಿದ ಗೆರೆಗಳು ಮಾತ್ರ ಗಾಜಿನ ಕೆಲಸಕ್ಕೆ ಲೆಕ್ಕ.

ಹೊಸಬರು ಎಡವುವುದು ಇಲ್ಲಿಂದ ಮುಂದೆ. ಕಾಗದದ ಮೇಲೆ ಗೆರೆ ಎಲ್ಲಿ ಬೇಕಾದರೂ ನಿಲ್ಲಬಹುದು, ಗಾಜಿನಲ್ಲಿ ನಿಲ್ಲಲಾಗದು. ಇಲ್ಲಿ ಗೆರೆಯೆಂದರೆ ಎರಡು ಗಾಜಿನ ತುಂಡುಗಳನ್ನು ಕೂಡಿಸುವ ಬೆಸುಗೆ. ಪ್ರತಿ ಗೆರೆಯೂ ಒಂದು ಅಂಚಿನಿಂದ ಹೊರಟು ಇನ್ನೊಂದು ಗೆರೆಯನ್ನೋ ಅಂಚನ್ನೋ ಸೇರಲೇಬೇಕು. ಹಾಗಾಗಿ ಎಲೆಯ ನಡುನರ ಗೆರೆಯಾಗುತ್ತದೆ, ಪಕ್ಕದ ನರಗಳು ಆಗುವುದಿಲ್ಲ. ಅವು ಬೇಕೇಬೇಕೆಂದರೆ ಕಬ್ಬಿಣದ ಆಕ್ಸೈಡ್ ಮತ್ತು ಗಾಜಿನ ಪುಡಿ ಕಲಸಿದ ಬಣ್ಣದಲ್ಲಿ ಬರೆದು, ಸುಮಾರು 650 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಹಾಥಾರ್ನ್ ಎಲೆಯ ಆಳವಾದ ಸೀಳುಗಳನ್ನೂ ಕತ್ತರಿಸಲು ಹೋಗದೆ ಇಲ್ಲಿನವರು ಬರೆದೇ ತೋರಿಸುತ್ತಾರೆ; ಅಷ್ಟು ಆಳದ ಒಳಬಾಗು ಕೊಯ್ಯಲು ಹೋದರೆ ಗಾಜು ಒಡೆಯುತ್ತದೆ.

ಹೊಂಗೆಯ ಒಂದು ಎಲೆಯಲ್ಲಿ ಐದೋ ಏಳೋ ಕಿರುಎಲೆ. ಎದುರುಬದುರಿನ ಜೋಡಿ ದಂಟನ್ನು ಸೇರುವುದು ಒಂದೇ ಕಡೆ. ಮರದಲ್ಲಿರುವಂತೆಯೇ ಬರೆದರೆ ಎರಡೂ ಎಲೆಗಳ ಅಂಚು, ನಡುನರ, ದಂಟು ಸೇರಿ ಎಂಟು ಗೆರೆ ಒಂದು ಬಿಂದುವಿಗೆ ಬಂದು ಬೀಳುತ್ತವೆ. ಬೆಸುಗೆ ಹಾಕಿದಾಗ ಅಲ್ಲೊಂದು ಉಂಡೆ ಕೂರುತ್ತದೆ. ಒಂದು ಬದಿಯ ಕಿರುಎಲೆಯನ್ನು ಏಳೆಂಟು ಮಿಲಿಮೀಟರ್ ಮೇಲಕ್ಕೆ ಸರಿಸಿದರೆ ಸಾಕು, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಹಿನ್ನೆಲೆಯನ್ನೂ ಮರೆಯಬಾರದು. ಆಕಾಶವೂ ಗಾಜೇ, ಅದನ್ನೂ ತುಂಡು ಮಾಡಲೇಬೇಕು. ಎಲೆಯಾಕಾರದ ತೂತಿರುವ ಒಂದೇ ಗಾಜನ್ನು ಕೈ ಕಟರಿನಲ್ಲಿ ಕೊಯ್ಯಲು ಆಗದು. ಪ್ರತಿ ಎಲೆಯ ತುದಿಯಿಂದ ಚೌಕಟ್ಟಿನ ತನಕ ಒಂದು ಗೆರೆ ಹರಿಸಿದರೆ ಹಿನ್ನೆಲೆ ತಾನಾಗಿ ತುಂಡಾಗುತ್ತದೆ. ಆದರೆ ಯಾವ ಗೆರೆಯೂ ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ಒಂದೇ ನೇರಕ್ಕೆ ಹೋಗದಿರಲಿ. ಎತ್ತಿ ಹಿಡಿದಾಗ ಫಲಕ ಅಲ್ಲೇ ಮಡಚಿಕೊಳ್ಳುತ್ತದೆ.

ಅಳತೆಯ ಲೆಕ್ಕವೂ ಹೇಳಿಬಿಡುತ್ತೇನೆ. 3 ಮಿಲಿಮೀಟರ್ ಗಾಜಿನ ಅಂಚಿಗೆ 5.6 ಮಿಲಿಮೀಟರ್ ಅಗಲದ ತಾಮ್ರದ ಫಾಯಿಲ್ (ಬೆಸುಗೆ ಹಿಡಿಯಲೆಂದು ಅಂಟಿಸುವ ತೆಳು ಪಟ್ಟಿ) ಸುತ್ತಿದರೆ ಎರಡೂ ಮುಖದ ಮೇಲೆ 1.3 ಮಿಲಿಮೀಟರ್ ಮಡಚಿಕೊಳ್ಳುತ್ತದೆ. ಅಂದರೆ ಒಂದು ಸೆಂಟಿಮೀಟರ್ ಅಗಲದ ತುಂಡಿನಲ್ಲಿ ಬೆಳಕು ಬರುವುದು 7.4 ಮಿಲಿಮೀಟರಿನಷ್ಟೇ. ಅದಕ್ಕಿಂತ ಕಿರಿದಾದ ತುಂಡುಗಳನ್ನು ಚಿತ್ರದಿಂದಲೇ ಕಿತ್ತುಹಾಕಿ. ಮಾದರಿ ಕಾಗದ ಕತ್ತರಿಸುವಾಗ ಫಾಯಿಲಿಗೆ ಜಾಗ ಬಿಡಲೆಂದು ಎರಡು ತುಂಡುಗಳ ನಡುವೆ 0.8 ಮಿಲಿಮೀಟರ್ ಪಟ್ಟಿ ತೆಗೆಯುವ ವಿಶೇಷ ಕತ್ತರಿ ಸಿಗುತ್ತದೆ. ಅದಿಲ್ಲದೆ ಹತ್ತು ತುಂಡು ಸಾಲಾಗಿ ಜೋಡಿಸಿದರೆ ಫಲಕ ಏಳು ಮಿಲಿಮೀಟರ್ ಬೆಳೆದು, ಬಡಗಿ ಮಾಡಿಟ್ಟ ಚೌಕಟ್ಟಿನಲ್ಲಿ ಕೂರುವುದಿಲ್ಲ. ಆಗ ಬೈಸಿಕೊಳ್ಳುವವನು ಬಡಗಿ.

ಅರಳಿ ಎಲೆಯ ಮೇಲೆ ಆಸೆ ಹುಟ್ಟುವುದು ಸಹಜ. ನೀರಲ್ಲಿ ನೆನೆಹಾಕಿ ನರದ ಜಾಲವಷ್ಟೇ ಉಳಿಸಿ ಪುಸ್ತಕದಲ್ಲಿಟ್ಟವರು ನಾವೆಲ್ಲ. ಗಾಜಿನಲ್ಲಿ ಅದಕ್ಕೆ ಎರಡು ತೊಡಕು. ತೊಟ್ಟು ಕೂಡುವ ಕಡೆಯ ಒಳಬಾಗು ಒಂದು, ಕೆಳಗಿನ ಉದ್ದ ಬಾಲ ಇನ್ನೊಂದು. ಎಲೆಯನ್ನು ನಡುನರದುದ್ದಕ್ಕೂ ಎರಡು ಮಾಡಿದರೆ ಒಳಬಾಗು ಹೋಗಿ ಎರಡು ಸಲೀಸಾದ ಹೊರಬಾಗು ಉಳಿಯುತ್ತವೆ. ಬಾಲವನ್ನು ಗಾಜಿನಲ್ಲಿ ಮಾಡಲು ಹೋಗಬೇಡಿ, ಐದು ಮಿಲಿಮೀಟರಿಗಿಂತ ಸಪೂರವಾದ ಕಡೆ ಅದು ಮುರಿದೇ ಮುರಿಯುತ್ತದೆ. ಬಾಲ ಶುರುವಾಗುವಲ್ಲಿ ಗಾಜು ನಿಲ್ಲಿಸಿ ಬೆಸುಗೆಯ ಗೆರೆಯನ್ನೇ ಮುಂದುವರಿಸಿದರೆ ಅದೇ ಬಾಲ.

ಕಟರಿನ ಚಕ್ರಕ್ಕೆ ಸ್ವಲ್ಪ ಸೀಮೆಎಣ್ಣೆ ಸೋಕಿಸಿ ಒಂದೇ ಸಲ ಗೀರಬೇಕು. ಗೀರಿದ ಮೇಲೆ ಇನ್ನೊಮ್ಮೆ ಎಳೆದರೆ ಚಕ್ರ ಹಾಳು, ಬಿರುಕೂ ದಾರಿ ತಪ್ಪುತ್ತದೆ. ಬೆಸುಗೆಗೆ 60 ಪಾಲು ತವರ, 40 ಪಾಲು ಸೀಸ. 183 ಡಿಗ್ರಿಗೆ ಕರಗತೊಡಗಿ 190ರ ಹೊತ್ತಿಗೆ ಪೂರ್ತಿ ದ್ರವವಾಗುತ್ತದೆ. ಬೆಸುಗೆ ಕೋಲನ್ನು ಒಂದೇ ಕಡೆ ಊರಿದರೆ ಗಾಜು ಟಣ್ಣೆಂದು ಸೀಳುತ್ತದೆ. ಬೆಸುಗೆ ಹಿಡಿಯಲೆಂದು ಮೊದಲು ಸವರುವ ಫ್ಲಕ್ಸನ್ನು ಸೋಪಿನ ನೀರಿನಲ್ಲಿ ಅವತ್ತೇ ತೊಳೆಯದಿದ್ದರೆ ಗೆರೆಗಳ ಮೇಲೆ ಬಿಳಿ, ಹಸಿರು ಹಕ್ಕಳೆ ಏಳುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡಿ, ಮಕ್ಕಳನ್ನು ಆ ಮೇಜಿನ ಹತ್ತಿರ ಬಿಡಬೇಡಿ.

ಇಷ್ಟೆಲ್ಲ ನಮ್ಮವರಿಗೆ ಬಾರದ ವಿದ್ಯೆಯಲ್ಲ. ತಿಂಗಳುಗಟ್ಟಲೆ ಕೂತು ಗಂಧದಲ್ಲಿ ಬಳ್ಳಿ ಕೆತ್ತುವ ಊರಿನವರಿಗೆ ಗಾಜು ಏನು ಮಹಾ? ಇಲ್ಲದಿರುವುದು ಬೇರೆ: ಅಂಗಳದಲ್ಲಿರುವುದು ಮನೆಯೊಳಗೆ ಬರಲು ಯೋಗ್ಯ ಎಂಬ ನಂಬಿಕೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಮಾಡಿಗೆ ಗಾಜು, ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ. ಆದರೆ ತಲೆಯೆತ್ತಿ ನೋಡಿದರೆ ಕಾಣುವುದು ನವಿಲು. 1912ರಲ್ಲಿ ಮುಗಿದ ಕಟ್ಟಡಕ್ಕೆ ಹೊಳೆದ ಮಾತು, ನೂರು ವರ್ಷದ ಮೇಲೆ ಕ್ಯಾಟಲಾಗು ತಿರುವುವವರಿಗೆ ಹೊಳೆಯುತ್ತಿಲ್ಲ. ಮುತ್ತುಗ, ಕಕ್ಕೆ, ಹೊಳೆದಾಸವಾಳ ಎಲ್ಲ ರಸ್ತೆಬದಿಯಲ್ಲೇ ಅರಳಿ ಉದುರುತ್ತವೆ.

ಬೆಳಕಿನ ವಿಷಯಕ್ಕೆ ಬಂದರೆ ಮಾತ್ರ ದನಿ ತುಸು ತಗ್ಗಿಸಬೇಕಾಗುತ್ತದೆ. ಯಾರ್ಕ್ ಇರುವುದು 54 ಡಿಗ್ರಿ ಅಕ್ಷಾಂಶದಲ್ಲಿ, ತುಮಕೂರು 13ರ ಹತ್ತಿರ. ಡಿಸೆಂಬರಿನ ನಡುಹಗಲಲ್ಲೂ ಇಲ್ಲಿ ಸೂರ್ಯ ದಿಗಂತದಿಂದ ಹದಿಮೂರು ಡಿಗ್ರಿಯಷ್ಟೂ ಮೇಲೇರದು, ಬೆಳಕು ಅಡ್ಡಡ್ಡ ಒಳಗೆ ಬರುತ್ತದೆ. ತೆಳು ಹಸಿರೂ ಇಲ್ಲಿ ಬೆಳಗುತ್ತದೆ. ಯಾರ್ಕ್ ಮಿನ್‌ಸ್ಟರಿನ ಪೂರ್ವದ ಮಹಾಕಿಟಕಿಯನ್ನು ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮುಗಿಸಿಕೊಟ್ಟದ್ದು ಇಂಥ ಮಂದ ಬೆಳಕಿಗೆ. ಅದರ 311 ಫಲಕಗಳನ್ನು ಕಣ್ತುಂಬ ನೋಡಲು, ಫೋಟೋ ತೆಗೆಯಲು ತೆಳು ಮೋಡದ ದಿನವೇ ಮೇಲು. ನೇರ ಬಿಸಿಲು ಬಿದ್ದರೆ ಒಂದೊಂದು ಕಡೆ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ನಮ್ಮಲ್ಲಿ ನಡುಹಗಲ ಸೂರ್ಯ ನೆತ್ತಿಯ ಕಡೆಗಿರುತ್ತಾನೆ, ಸಜ್ಜ ಅವನನ್ನು ತಡೆಯುತ್ತದೆ. ಬಿಸಿಲು ಒಳಗೆ ನುಗ್ಗುವುದು ಪೂರ್ವ, ಪಶ್ಚಿಮದ ಕಿಟಕಿಗಳಿಂದ, ಅದೂ ಜೋರಾಗಿ. ಯಾರ್ಕ್‌ನಲ್ಲಿ ಆರಿಸಿದ ತೆಳು ಹಸಿರನ್ನು ತುಮಕೂರಿನ ಪೂರ್ವದ ಕಿಟಕಿಗಿಟ್ಟರೆ ಬಣ್ಣ ಪೂರ್ತಿ ಸೋತು ಕಪ್ಪು ಗೆರೆಗಳಷ್ಟೇ ಉಳಿಯುತ್ತವೆ. ಅಲ್ಲಿಗೆ ಹಾಲುಬಣ್ಣ ಬೆರೆತ ಓಪಲ್ ಗಾಜೋ, ಗಾಢ ಬಣ್ಣವೋ ಬೇಕು. ಗಾಜಿನ ಚೂರನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಆರಿಸದೆ ಅದೇ ಕಿಟಕಿಗೆ ಹಿಡಿದು ನೋಡಬೇಕು. ನೀಲಿಯ ಪಕ್ಕದ ಗೆರೆ ದಪ್ಪಗಿರಲಿ, ನೀಲಿ ಬೆಳಕು ಅಕ್ಕಪಕ್ಕಕ್ಕೆ ಹರಡಿ ತೆಳು ಗೆರೆಯನ್ನು ನುಂಗುತ್ತದೆ.

ನಮ್ಮ ಹಳೆಯ ಮನೆಗಳ ಬಾಗಿಲ ಮೇಲಿನ ಅರ್ಧಚಂದ್ರದಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಗಾಜು ಇರುತ್ತಿತ್ತು. ಚಿತ್ರ ಇಲ್ಲ, ಎಲೆ ಇಲ್ಲ, ಬರೀ ಬಣ್ಣ. ಬೆಳಗಿನ ಬಿಸಿಲಿಗೆ ಆ ಬಣ್ಣ ಕೆಂಪು ಗಾರೆ ನೆಲದ ಮೇಲೆ ಬಂದು ಮಲಗುತ್ತಿತ್ತು, ಹತ್ತು ಗಂಟೆಗೆ ಗೋಡೆ ಬದಿಗೆ ಸರಿದು ಮಾಯ. ಯಾರ್ಕ್‌ನ ಬೂದು ಬೆಳಕಿನಲ್ಲಿ ಅದು ವರ್ಷದ ಬಹುಪಾಲು ದಿನ ನಡೆಯದ ಸಂಗತಿ. ನಮ್ಮ ಸೂರ್ಯನಿಗೆ ಗಾಜಿನಲ್ಲಿ ಚಿತ್ರ ತೋರಿಸುವುದಕ್ಕಿಂತ ನೆಲದ ಮೇಲೆ ಬಣ್ಣ ಚೆಲ್ಲುವುದೇ ಚೆನ್ನಾಗಿ ಒಗ್ಗುತ್ತದೆ ಎಂದು ಆ ಮನೆ ಕಟ್ಟಿದವರಿಗೆ ಗೊತ್ತಿತ್ತೇನೋ. ಗೊತ್ತಿತ್ತು ಅಂತಲೇ ಇಟ್ಟುಕೊಳ್ಳೋಣ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಛಾಯಾಗ್ರಾಹಕರಿದ್ದ ಬೆಂಗಳೂರಿನ ಜನಕ್ಕೆ ನಿಸರ್ಗ ನೋಡಲು ಬರುವುದಿಲ್ಲ ಎಂದರೂ ತಪ್ಪಾದೀತು. ಇನ್ನು ಇಲ್ಲಿನ ಸಂಜೆ ತರಗತಿಗಳಲ್ಲೂ ಬೇಲಿಯ ಕಡೆ ತಲೆ ಹಾಕದೆ ರಾಬಿನ್ ಹಕ್ಕಿ, ಪಾಪಿ ಹೂವಿನ ಸಿದ್ಧ ಮಾದರಿಯನ್ನು ಪೆಟ್ಟಿಗೆ ಸಮೇತ ಕೊಂಡುತಂದು ಜೋಡಿಸುವವರೇನು ಕಡಿಮೆಯಿಲ್ಲ. ಚಿಕ್ಕಪ್ಪನಿಗೆ ಬೇಕಿದ್ದದ್ದಾದರೂ ಏನು? ಪಕ್ಕದ ಮನೆಯವರಿಗೆ ಮೆಟ್ಟಿಲು ಕಾಣಬಾರದು, ಅಷ್ಟೇ. ಪ್ಲಾಸ್ಟಿಕ್ ಹಾಳೆ ಆ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿತು, ಕೂಲಿಯವನನ್ನು ಹುಡುಕುವ ತಲೆನೋವೂ ಇಲ್ಲದೆ.

ಮಾಡುವ ಮನಸ್ಸಿದ್ದವರು 30 ಸೆಂಟಿಮೀಟರಿಗೆ 45ರ ಒಂದು ಫಲಕದಿಂದ ಶುರು ಮಾಡಲಿ. ಐದು ಕಿರುಎಲೆಯ ಒಂದು ಹೊಂಗೆ ಎಲೆ ಅಂದರೆ ನಡುನರದಲ್ಲಿ ಸೀಳಿ ಹತ್ತು ತುಂಡು, ಹಿನ್ನೆಲೆಗೆ ಇನ್ನೊಂದು ಹನ್ನೆರಡು. ನೆಲಕ್ಕೆ ಬಣ್ಣ ಬೀಳಬೇಕೆಂದರೆ ಪಾರದರ್ಶಕ ಗಾಜು ತನ್ನಿ, ಓಪಲ್ ಗಾಜು ಬೆಳಕನ್ನು ಚದುರಿಸಿಬಿಡುತ್ತದೆ. ಹಳೆ ಗಾಜನ್ನು ತೆಗೆದು ಆ ಜಾಗದಲ್ಲಿ ಕೂರಿಸಬೇಡಿ. ಮುಂಗಾರಿನ ಗಾಳಿಮಳೆಗೆ ಫಲಕ ಬಾಗುತ್ತದೆ, ಬೆಸುಗೆಯ ಸಂದಿಯಲ್ಲಿ ನೀರು ಒಸರುತ್ತದೆ. ಈಗಿರುವ ಬಿಳಿ ಗಾಜು ಹೊರಗಡೆ ಹಾಗೇ ಇರಲಿ. ಒಳಗಡೆ ಒಂದು ಬೆರಳು ಅಂತರ ಬಿಟ್ಟು ಬೀಡಿಂಗ್ (ಮರದ ಸಪೂರ ಪಟ್ಟಿ) ಹೊಡೆದು ಫಲಕ ನಿಲ್ಲಿಸಿ, ಮೇಲೆ ಕೆಳಗೆ ಬೀಡಿಂಗಿನಲ್ಲಿ ಎರಡೆರಡು ಸಣ್ಣ ತೂತು ಕೊರೆಸಿ. ಇಲ್ಲದಿದ್ದರೆ ಎರಡು ಗಾಜಿನ ನಡುವೆ ಹಬೆ ಕಟ್ಟಿ ಶ್ರಾವಣದ ಹೊತ್ತಿಗೆ ಬೂಸಲು ಹಿಡಿಯುತ್ತದೆ.