ಈಗ ಒಡೆಯಬಹುದು!

ಜುಲೈ ತಿಂಗಳ ಫ್ಲೋರಿಡಾ. ಹೊರಗೆ ನಿಂತರೇ ಇಡ್ಲಿ ಥರ ಬೇಯುತ್ತೇವೆ. ಅಂಥದ್ದರಲ್ಲಿ ದುಡ್ಡು ಕೊಟ್ಟು, ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕುಲುಮೆಯ ಎದುರು ಒಂದು ಗಂಟೆ ಕೂತು ಬಂದೆ. ಗಾಜು ಊದುವುದನ್ನು ಕಣ್ಣಾರೆ ನೋಡಬೇಕೆಂದು ನಮ್ಮ ಯಜಮಾನರ ಆಸೆ. ಅವತ್ತು ಮಾಡಿದ್ದು ಟಿಕಿ ಮುಖದ ಲೋಟ. ಗುಡ್ಡೆಗಣ್ಣು, ಬಾಯಿ ತುಂಬ ಹಲ್ಲು.

ಟಿಕಿ ಅಂದರೆ ಪೆಸಿಫಿಕ್ ದ್ವೀಪಗಳ ಜನ ಮರದಲ್ಲಿ, ಕಲ್ಲಲ್ಲಿ ಕೆತ್ತುವ ಮೂರ್ತಿ. ಮಾವೊರಿಗಳ ಕಥೆಯಲ್ಲಿ ಮೊದಲ ಮನುಷ್ಯನ ಹೆಸರೂ ಅದೇ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಾರಿನವರ ಕಣ್ಣು ಆ ದ್ವೀಪಗಳ ಮೇಲೆ ಬಿತ್ತು. ಆಮೇಲಾಮೇಲೆ ಟಿಕಿಯ ತಲೆಯೊಳಗೇ ರಮ್ ಸುರಿದು ಕೊಡತೊಡಗಿದರು. ಪಾಪ.

ಗಾಜು ಊದುತ್ತಿದ್ದ ಹುಡುಗಿ ಬಾಯಿ ಬಿಡಲಿಲ್ಲ. ಅವಳ ಪಾಲಿನ ಮಾತನ್ನೂ ಮೈಕ್ ಹಿಡಿದವನೊಬ್ಬ ಆಡಿದ. ಅವಳು ಬೆಲ್ಲದ ಪಾಕದಂಥ ಗಾಜನ್ನು ಕೊಳವೆಯ ತುದಿಗೆ ಸುತ್ತಿಕೊಂಡಳು. 'ಈಗ ಬೀಳಬಹುದು!' ಎಂದ. ಎಲ್ಲರೂ ಉಸಿರು ಬಿಗಿ ಹಿಡಿದೆವು. ಬೀಳಲಿಲ್ಲ. ಕಣ್ಣು ಅಂಟಿಸಿದಳು. 'ಈಗ ಬಿರುಕು ಬಿಡಬಹುದು!' ಬಿಡಲಿಲ್ಲ. ಮೂಗಿಗೊಂದು, ಒಂದೊಂದು ಹಲ್ಲಿಗೊಂದು ಎಚ್ಚರಿಕೆ. ಹನ್ನೊಂದರವರೆಗೆ ಎಣಿಸಿ ಕೈಬಿಟ್ಟೆ. ಮೊದಮೊದಲು ಎದೆ ಹಿಡಿದುಕೊಳ್ಳುತ್ತಿದ್ದ ಪಕ್ಕದ ಅಜ್ಜಿ ಕೊನೆಗೆ ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದರು. ಆರು ವರ್ಷದ ನನ್ನ ಮಗನಿಗೆ ಮಾತ್ರ ತಾಳ್ಮೆ ಕೆಟ್ಟಿತ್ತು. 'ಅಮ್ಮಾ, ಇನ್ನೂ ಯಾಕೆ ಒಡೀಲಿಲ್ಲ?' ಸತ್ಯ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನಾನೂ ಅದನ್ನೇ ಕಾಯುತ್ತಿದ್ದೆ.

ನಡುವೆ ಅವಳು ಒದ್ದೆ ನ್ಯೂಸ್‌ಪೇಪರಿನ ಮಡಿಕೆಯನ್ನು ಅಂಗೈಯಲ್ಲಿಟ್ಟು, ಕೊಳವೆ ತಿರುಗಿಸುತ್ತಾ ಗಾಜನ್ನು ಸವರಿದಳು. ಕಾಗದ ಸುಟ್ಟ ಹೊಗೆ ಬಂತು. ಮಳೆಗಾಲದ ಹಸಿ ಸೌದೆ, ಒಲೆ ಮುಂದೆ ಊದುಗೊಳವೆ ಹಿಡಿದ ನಮ್ಮಜ್ಜಿ, ಅವಳ ಕೆಂಪು ಕಣ್ಣು. ಅವಳು ಜೀವಮಾನವೆಲ್ಲ ಊದಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕಾಫಿ ತಡವಾಯಿತೆಂದು ಗೊಣಗಿದೆವು ಅಷ್ಟೆ.

ಕೊನೆಗೆ ಚೀಟಿ ಎತ್ತಿದರು. ಲೋಟ ನನಗೇ ಬಂತು! ಹುಟ್ಟಿದಾಗಿನಿಂದ ನನಗೆ ಲಾಟರಿ ಹೊಡೆದದ್ದು ಇದೇ ಮೊದಲು. ಕೈ ಚಾಚಿದರೆ ಮೈಕಿನವ ನಕ್ಕ. ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಸಬೇಕಂತೆ, ಇಲ್ಲದಿದ್ದರೆ ಒಡೆಯಬಹುದು. (ಹನ್ನೆರಡು.) 'ನಾಳೆ ಬನ್ನಿ.' ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಬರೆದು ದೆವ್ವ ಓಡಿಸುತ್ತಿದ್ದದ್ದು ಗೊತ್ತಲ್ವಾ? ಇಲ್ಲಿ ದೆವ್ವದ ಮುಖದ್ದು ಒಳಗೆ ಬೆಚ್ಚಗೆ ಕೂತಿತು, ನಾನು ಹೊರಗೆ. ನಮ್ಮ ವಿಮಾನ ಅವತ್ತು ರಾತ್ರಿಯೇ.

ಟಿಕೆಟ್ಟಿಗಿಂತ ಜಾಸ್ತಿ ಕೊರಿಯರ್ ಖರ್ಚು ತೆತ್ತೆ. ಮೊನ್ನೆ ಬಂತು, ಒಡೆಯದೆ. ಕಿಟಕಿಯಲ್ಲಿಟ್ಟು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು. ಮುಖ ಸಣ್ಣದಾಯಿತು.

'ದೃಷ್ಟಿಬೊಂಬೆ ಕಟ್ಟೋವರೆಗೂ ಬಂದಿದೆ, ಮನೆ ಕಟ್ಟಿಸ್ತಿರೋ ವಿಷಯ ನನಗೊಂದು ಮಾತು ಹೇಳಬಾರದಿತ್ತಾ?'