ರಕ್ತಕ್ಕೆ ಕ್ವೆರಿ ಹೋಗುತ್ತದೆ, ಮೂಳೆಗೆ ಯಾಕಿಲ್ಲ?

ಮೆಡಿಕಲ್ ಕೋಡಿಂಗ್ ಅಂದ್ರೆ ಡಾಕ್ಟರ್ ಬರೆದಿದ್ದಕ್ಕೆ ನಂಬರ್ ಹಾಕೋದು ಅಷ್ಟೇ ಅಲ್ವಾ ಅಂತ ನೆಂಟರು ಕೇಳುತ್ತಾರೆ. ಅಷ್ಟೇ. ಆದರೆ ಡಾಕ್ಟರ್ ಬರೆದಿರಬೇಕಲ್ಲ!

ಬೆಂಗಳೂರಿನಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್ ಓದುವ ನಮಗೆ ಸೊಂಟ ಮುರಿದ ಕೇಸುಗಳು ತುಂಬಾ ಸಿಗುತ್ತವೆ. ಎಲ್ಲ ಹೆಚ್ಚುಕಮ್ಮಿ ಒಂದೇ ಥರ. ವಯಸ್ಸಾದ ಅಜ್ಜಿ ರಾತ್ರಿ ಬಾತ್‌ರೂಮಿಗೆ ಎದ್ದರು, ಎಡವಿ ಬಿದ್ದರು, ಬಲಗಡೆ ತೊಡೆಮೂಳೆಯ ಕತ್ತು ಮುರಿಯಿತು. ಹಳೇ ಕಾಯಿಲೆಗಳ ಪಟ್ಟಿಯಲ್ಲಿ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ ಇದೆ. ಅದರ ಮಾತ್ರೆಯೂ ಇದೆ. ಡಿಸ್ಚಾರ್ಜ್ ಸಮರಿಯಲ್ಲಿ ಮಾತ್ರ ಬಿದ್ದು ಮುರಿದಿದೆ ಅಂತ ಒಂದೇ ಸಾಲು.

ಈಗ ಯಾವ ಕೋಡ್ ಹಾಕೋದು? ಏಟಿನಿಂದ ಆದ ಮುರಿತ ಅಂದರೆ ಎಸ್72. ಸವೆದ ಮೂಳೆ ಮುರಿದದ್ದಾದರೆ ಎಂ80. ಆಸ್ಟಿಯೋಪೊರೋಸಿಸ್ ಇರುವವರು ಸಣ್ಣಗೆ ಬಿದ್ದು ಮುರಿದುಕೊಂಡರೆ, ಗಟ್ಟಿ ಮೂಳೆ ಅಷ್ಟಕ್ಕೆ ಮುರಿಯೋದಿಲ್ಲ ಅನ್ನುವಂತಿದ್ದರೆ, ಎಂ80 ಹಾಕಿ ಅನ್ನುತ್ತದೆ ಅಮೆರಿಕದ ಕಾಯಿಲೆ ಕೋಡುಗಳ ಪುಸ್ತಕವಾದ ಐಸಿಡಿ-10-ಸಿಎಂನ ನಿಯಮ. ಆದರೆ ಮುರಿಯೋದಿಲ್ಲ ಅಂತ ಹೇಳೋದು ಡಾಕ್ಟರ್ ಕೆಲಸ, ಕೋಡರ್ ಕೆಲಸ ಅಲ್ಲ. ಹಾಗಾಗಿ ಕ್ವೆರಿ, ಅಂದರೆ ಡಾಕ್ಟರಿಗೆ ಬರೆದು ಕೇಳುವ ಪ್ರಶ್ನೆ, ಕಳಿಸಬೇಕು. ಅದರಲ್ಲೂ ಉತ್ತರ ನಾವೇ ಬಾಯಿಗೆ ತುರುಕುವಂತಿಲ್ಲ. (ಬಾತುಕೋಳಿ ಕುಟುಕಿದರೂ ಕೋಡ್ ಇರುವ ಪುಸ್ತಕ ಇದು. ಕೋಡಿಗೆ ಬರ ಇಲ್ಲ.)

ನನ್ನ ತಕರಾರು ಇಲ್ಲೇ. ಆಪರೇಷನ್ ಆದಮೇಲೆ ಹಿಮೋಗ್ಲೋಬಿನ್ ಇಳಿದಿತ್ತು, ರಕ್ತ ಕೊಟ್ಟೆವು ಅಂತಷ್ಟೇ ಬರೆದಿದ್ದರೆ ಕ್ವೆರಿ ಓಡೋಡಿ ಹೋಗುತ್ತದೆ. ರಕ್ತ ಹೋಗಿ ಆದ ಅನೀಮಿಯಾ ಅಂತ ಡಾಕ್ಟರ್ ಒಪ್ಪಿ ಬರೆದರೆ ಡಿ62 ಸಿಗುತ್ತದೆ, ಅಲ್ಲಿನ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಆಸ್ಪತ್ರೆಗೆ ಕೊಡುವ ದುಡ್ಡು ಜಾಸ್ತಿಯಾಗಬಹುದು. ಮೂಳೆಯ ಕ್ವೆರಿಗೆ ಆ ಅವಸರ ಇಲ್ಲ. ರಾಡ್, ಸ್ಕ್ರೂ ಹಾಕಿದ ಕೇಸು ಎಸ್72 ಆದರೂ ಎಂ80 ಆದರೂ, ಆ ದುಡ್ಡನ್ನು ನಿರ್ಧರಿಸುವ ಗುಂಪುಗಳಾದ ಡಿಆರ್‌ಜಿ 480ರಿಂದ 482ರ ಒಳಗೇ ಬೀಳುತ್ತದೆ. ದುಡ್ಡು ಅಲ್ಲಾಡದ ಪ್ರಶ್ನೆ ಯಾರಿಗೆ ಬೇಕು? ಟಾರ್ಗೆಟ್ ಮುಟ್ಟಿಸಬೇಕಾದ ಹುಡುಗ ಎಸ್72 ಒತ್ತಿ ಮುಂದಿನ ಚಾರ್ಟ್ ತೆಗೆಯುತ್ತಾನೆ. ಅವನನ್ನು ಬಯ್ಯೋಕೆ ನನಗೆ ಮನಸ್ಸು ಬರೋದಿಲ್ಲ.

ಆದರೆ ಅಜ್ಜಿಯ ದಾಖಲೆಯಲ್ಲಿ ಅದು ಬರೀ ಆಕ್ಸಿಡೆಂಟ್ ಆಗಿ ಉಳಿಯುತ್ತದೆ. ಮಾತ್ರೆ ತಗೊಳ್ಳುತ್ತಿದ್ದಾಗಲೇ ಮೂಳೆ ಮುರಿದಿದೆ, ಔಷಧಿ ಬದಲಿಸಬೇಕಾ ಅಂತ ಮುಂದಿನ ಡಾಕ್ಟರ್ ಯೋಚಿಸಲು ಕಾರಣವೇ ಕಾಣೋದಿಲ್ಲ. ಒಮ್ಮೆ ಸೊಂಟ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯುವ ಅಪಾಯ ಜಾಸ್ತಿ.

ಕ್ವೆರಿ ಪಟ್ಟಿಯನ್ನು ಬರೀ ದುಡ್ಡು ನೋಡಿ ಮಾಡಬೇಡಿ ಅಂತ ನಮ್ಮ ಆಡಿಟ್ ಮೀಟಿಂಗಿನಲ್ಲಿ ಹೇಳುತ್ತಲೇ ಇದ್ದೇನೆ. ನಿಮ್ಮನೇಲೂ ಹಿರಿಯರು ನಿಂತಲ್ಲೇ ಬಿದ್ದು ಸೊಂಟ ಮುರಿದುಕೊಂಡಿದ್ದರೆ ಡಿಸ್ಚಾರ್ಜ್ ದಿನ ಬಿಲ್ ಜೊತೆಗೆ ಸಮರಿಯನ್ನೂ ಓದಿ. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್, ಮೂಳೆಯ ಔಷಧಿ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ, ಬರೆಸಿಕೊಂಡೇ ಬನ್ನಿ.